ಬೀಗರಿಗೆ ತೆರೆದ ಕಾರು

ಇದು ನಡೆದದ್ದು. ಕಥೆ ಹೇಳುವವರೆಲ್ಲ ಮೊದಲು ಹೀಗೆಯೇ ಹೇಳಿ, ಆಮೇಲೆ ಬಾಯಿಗೆ ಬಂದದ್ದನ್ನು ಸೇರಿಸುತ್ತಾರೆ ಎಂಬ ಅನುಮಾನ ಇರುವವರು ಲೆಂಗೆರ್ ಪಟ್ಟಣದ ಕಾಲುವೆ ಬೀದಿಗೆ ಹೋಗಿ ಯಾರನ್ನಾದರೂ ವಿಚಾರಿಸಬಹುದು. ಅವರು ಇಲ್ಲಿರುವುದಕ್ಕಿಂತ ಹೆಚ್ಚೇ ಹೇಳುತ್ತಾರೆ. ಆ ಹೆಚ್ಚಿನದನ್ನು ಮಾತ್ರ ನಂಬಬೇಡಿ.

ಆ ಬೀದಿಯ ಶೈಮೆರ್ದೆನ್‌ಗೆ ಮನೆಮನೆಗೆ ಹೋಗಿ ನೀರಿನ ಮೀಟರು ನೋಡಿ ಬರುವ ಕೆಲಸ. ಜೀವಮಾನವೆಲ್ಲ ಸೋವಿಯತ್ ಕಾಲದ ಒಂದು ಹಸಿರು ಜೀಪಿನಲ್ಲಿ ಕುಲುಕಾಡಿದವನು, ಹೆಂಡತಿಯ ತವರಿನಿಂದ ಬಂದ ಸೇಬಿನ ತೋಟದ ಪಾಲನ್ನೂ ತನ್ನ ಹೆಣ್ಣುಗುದುರೆಗಳನ್ನೂ ಮಾರಿ, ಗಡಿಯಾಚೆಯ ಚೀನಾದಿಂದ ಬಂದ ಒಂದು ಬಿಳಿ ಕಾರು ಕೊಂಡ. ಅದಕ್ಕೆ ಪೆಟ್ರೋಲು ಬೇಡ, ಸದ್ದಿಲ್ಲ, ಬೀಗದ ಕೈಯಂತೂ ಇಲ್ಲವೇ ಇಲ್ಲ. ಯಜಮಾನ ಹತ್ತಿರ ಬಂದರೆ ಸಾಕು, ಮಡಚಿಕೊಂಡಿದ್ದ ಎರಡು ಕನ್ನಡಿಗಳು ಕುದುರೆ ಕಿವಿ ನಿಮಿರಿಸಿದಂತೆ ಅಗಲವಾಗುತ್ತಿದ್ದವು. ದೀಪಗಳು ಕಣ್ಣು ಮಿಟುಕಿಸುತ್ತಿದ್ದವು. ಬಾಗಿಲೊಳಗೆ ಅಡಗಿದ್ದ ಹಿಡಿಕೆ ಕೈಕುಲುಕಲು ಬಂದಂತೆ ಹೊರಗೆ ಬರುತ್ತಿತ್ತು. ಒಳಗೆ ಕೂತೊಡನೆ ಯಾರೋ ಒಬ್ಬ ಹೆಂಗಸು ಚೀನೀ ಭಾಷೆಯಲ್ಲಿ ಎರಡು ಮಾತು ಹೇಳುತ್ತಿದ್ದಳು. ಪ್ರಯಾಣ ಸುಖವಾಗಿರಲಿ ಅನ್ನುತ್ತಾಳೆ ಎಂದು ಶೈಮೆರ್ದೆನ್ ಅನುವಾದಿಸುತ್ತಿದ್ದ. ಆ ದನಿಯಲ್ಲಿ ಯಾವ ಹೆಂಗಸೂ ಯಾರಿಗೂ ಸುಖ ಹಾರೈಸುವುದಿಲ್ಲ ಎಂದು ಅವನ ಹೆಂಡತಿ ಕುಲ್ಯಾಶಳ ಅಭಿಪ್ರಾಯ.

ಇದೆಲ್ಲ ಹೇಗಾಗುತ್ತದೆ ಎಂದು ಬೀದಿಯವರು ಕೇಳಿದಾಗ, ಜೇಬಿನಲ್ಲಿ ಕೋಳಿಮೊಟ್ಟೆಯಷ್ಟು ದಪ್ಪದ ಒಂದು ಕರಿಯ ವಸ್ತು ಇದೆ, ಕಾರಿಗೆ ಅದರ ಗುರುತು ಸಿಗುತ್ತದೆ ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ಕಾರಿನ ಬೆನ್ನು ಸವರುತ್ತಾ, “ಅದಕ್ಕೆ ಯಜಮಾನನ ಗುರುತು ಸಿಗತ್ತೆ. ಮನಸ್ಸು ಶುದ್ಧವಾಗಿರಬೇಕು, ಅಷ್ಟೆ” ಎಂದ.

ಈ ಮಾತು ಎಲ್ಲರಿಗಿಂತ ಹೆಚ್ಚು ಚುಚ್ಚಿದ್ದು ಪಕ್ಕದ ಮನೆಯ ಕೊಜಾಬೆಕ್‌ಗೆ. ತಲೆ ನರೆಯುವವರೆಗೂ ಲೆಂಗೆರ್‌ನಿಂದ ಶಿಮ್ಕೆಂಟ್‌ಗೆ ಬಸ್ಸು ಓಡಿಸಿ ನಿವೃತ್ತನಾದವನು ಅವನು. ಬೀದಿಯ ಯಾರ ನಡಿಗೆಯನ್ನಾದರೂ ಯಾರ ಕೆಮ್ಮನ್ನಾದರೂ ಅನುಕರಿಸಿ ತೋರಿಸುವುದು ಅವನ ನಿವೃತ್ತಿಯ ಉದ್ಯೋಗ. ಅವನೂ ಶೈಮೆರ್ದೆನ್ನೂ ಒಂದೇ ವರ್ಷ ಹುಟ್ಟಿದ ಓರಗೆಯವರು. ನಮ್ಮ ಕಡೆ ಓರಗೆಯವರೆಂದರೆ ಸಾಮಾನ್ಯ ಸಂಬಂಧವಲ್ಲ. ಅಣ್ಣನಿಗೆ ಹೇಳಲಾಗದ್ದನ್ನು ಓರಗೆಯವನಿಗೆ ಹೇಳಬಹುದು, ತಮ್ಮನಿಗೆ ಮಾಡಬಾರದ್ದನ್ನು ಓರಗೆಯವನಿಗೆ ಮಾಡಬಹುದು. ಒಬ್ಬನ ಕುದುರೆಯ ಬಾಲವನ್ನು ಇನ್ನೊಬ್ಬ ಕತ್ತರಿಸಿದರೂ ಕೇಳುವವರಿಲ್ಲ. ಸಿಟ್ಟಾಗುವ ಹಕ್ಕೊಂದು ಇಬ್ಬರಿಗೂ ಇಲ್ಲ. ಸಿಟ್ಟಾದವನು ಸೋತ ಲೆಕ್ಕ. ಕುರಿ ಕಡಿದು ಇಡೀ ಬೀದಿಗೆ ಊಟ ಹಾಕಬೇಕು.

ಕೊಜಾಬೆಕ್ ಒಂದು ಸಂಜೆ ಎಲ್ಲರ ಮುಂದೆ ಕಾರಿನ ಹತ್ತಿರ ಹೋಗಿ ನಿಂತ. ಕಾರು ಕಿವಿ ಅಲ್ಲಾಡಿಸಲಿಲ್ಲ. ಶೈಮೆರ್ದೆನ್ ಮರುಕದಿಂದ ನೋಡಿದ. “ನಿನ್ನ ಬಸ್ಸಿನ ಬಾಗಿಲನ್ನ ಹಗ್ಗದಲ್ಲಿ ಕಟ್ಟಿರ್ತಿದ್ದೆ. ಮುಪ್ಪುಗಾಲದಲ್ಲಿ ನಿನಗೆ ಇನ್ಯಾವ ಬಾಗಿಲು ತೆಗೆದೀತು ಮಾರಾಯ?”

ಬೀದಿ ನಕ್ಕಿತು. ಕೊಜಾಬೆಕ್‌ನೂ ನಗಬೇಕಾಯಿತು; ಕುರಿಯ ಪ್ರಶ್ನೆ.

ಗುಟ್ಟು ರಟ್ಟಾಗುವುದಕ್ಕೆ ಬಹಳ ಕಾಲ ಬೇಕಾಗಲಿಲ್ಲ. ಒಂದು ಬೆಳಿಗ್ಗೆ ಕೊಜಾಬೆಕ್ ಗೋಡೆಯಾಚೆ ಇಣುಕಿದಾಗ ಶೈಮೆರ್ದೆನ್ ಪೈಜಾಮದಲ್ಲಿ ಕಾರಿನ ಮುಂದೆ ನಿಂತಿದ್ದ. ಕಾರು ನಿದ್ದೆಯಲ್ಲಿತ್ತು. ಅವನು ಕೆಮ್ಮಿದ. ಗೇಟಿನವರೆಗೆ ವಾಪಸು ಹೋಗಿ, ಎದೆ ಮುಂದೆ ಮಾಡಿ, ಹೆಚ್ಚಿನ ಘನತೆಯಿಂದ ಮತ್ತೆ ನಡೆದು ಬಂದ. ಉಪಯೋಗವಾಗಲಿಲ್ಲ. ಟೋಪಿ ತೆಗೆದು ಮುಖವನ್ನು ಕನ್ನಡಿಗೆ ಹತ್ತಿರ ಹಿಡಿದು, ಮುನಿಸಿಕೊಂಡ ಹೆಂಡತಿಯನ್ನು ಕರೆಯುವ ದನಿಯಲ್ಲಿ “ನಾನು ಕಣೇ” ಎಂದ. ಅಷ್ಟರಲ್ಲಿ ಅಡುಗೆಮನೆಯ ಕಿಟಕಿ ತೆರೆಯಿತು. “ಬದಲಾಗಿರೋದು ಪ್ಯಾಂಟು ಕಣ್ರೀ, ಮನಸ್ಸಲ್ಲ” ಎಂದು ಕುಲ್ಯಾಶ್ ಆ ಕರಿಮೊಟ್ಟೆಯನ್ನು ಎಸೆದಳು. ಅದು ಇನ್ನೂ ಗಾಳಿಯಲ್ಲಿರುವಾಗಲೇ ಕಾರು ಕಿವಿ ನಿಮಿರಿಸಿ, ಕಣ್ಣು ಹೊಡೆದು, ಕೈ ಚಾಚಿತು. ಕೊಜಾಬೆಕ್ ಗೋಡೆಯಿಂದ ಇಳಿದು ತನ್ನ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕ. ಆ ಹೊತ್ತು ಹಸು ಹಾಲು ಕೊಡಲಿಲ್ಲವೆಂದು ಅವನ ಮನೆಯಲ್ಲಿ ಬೇರೆಯೇ ಗಲಾಟೆಯಾಯಿತು.

ಸೇಡಿಗೆ ಒಳ್ಳೆಯ ದಿನ ತಾನಾಗಿ ಬಂತು. ಶೈಮೆರ್ದೆನ್‌ನ ಮಗಳು ಗೌಹಾರಳಿಗೆ ತುಲ್ಕಿಬಾಸ್ ಕಡೆಯ ಕುದುರೆ ಸಾಕುವ ನುರ್ಪೆಯಿಸ್ ಎಂಬವರ ಮಗನೊಂದಿಗೆ ಮದುವೆ ಗೊತ್ತಾಗಿತ್ತು. ಮಾತು ಮುಂದುವರಿಸಿದ ಮಧ್ಯಸ್ಥ ಕೊಜಾಬೆಕ್‌ನೇ. ಈಗ ಬೀಗರು ಬಂದು ಉಂಡು, ಉಡುಗೊರೆ ಪಡೆದು ಹೋದರೆ ಮಾತು ಗಟ್ಟಿ. ಮಗಳನ್ನು ಗಂಡನ ಮನೆಗೆ ಈ ಬಿಳಿ ಕಾರಿನಲ್ಲಿ ತಾನೇ ಓಡಿಸಿಕೊಂಡು ಹೋಗುತ್ತೇನೆಂದು ಶೈಮೆರ್ದೆನ್ ಅವಳಿಗೆ ಮಾತು ಕೊಟ್ಟಿದ್ದ. ಕಾರು ಕೊಂಡದ್ದೇ ಅದಕ್ಕೆ. ಗೌಹಾರ್ ಕಾರಿಗೆ ಕಟ್ಟುವ ರಿಬ್ಬನ್ನಿನ ಬಣ್ಣವನ್ನೂ ಆರಿಸಿಟ್ಟಿದ್ದಳು.

ನುರ್ಪೆಯಿಸ್ ಮಾತು ಕಡಿಮೆಯ, ಮರ್ಯಾದೆ ಜಾಸ್ತಿಯ ಮನುಷ್ಯ. ಎಲ್ಲೋ ಒಂದು ಮನೆಯಲ್ಲಿ ಬೇಯಿಸಿದ ಕುರಿತಲೆಯನ್ನು ತಮ್ಮ ಮುಂದಿಡದೆ ಪಕ್ಕದವರ ಮುಂದಿಟ್ಟರೆಂದು ಊಟದಿಂದೆದ್ದು ಹೋದವರು ಅವರು. ಆ ಮನೆಯ ಹುಡುಗಿಯ ಮದುವೆ ಆಮೇಲೆ ಬೇರೆ ಕಡೆ ಆಯಿತು. ಆದ್ದರಿಂದ ಆ ದಿನ ಶೈಮೆರ್ದೆನ್‌ನ ಮನೆಯಲ್ಲಿ ಕುರಿತಲೆ ಬಾಗಿಲಿನಿಂದ ನೇರವಾಗಿ ಅವರ ಮುಂದಕ್ಕೇ ಬಂತು, ದಾರಿಯಲ್ಲಿ ಅತ್ತಿತ್ತ ನೋಡಲಿಲ್ಲ.

ಅತಿಥಿಗಳ ಕೈಗೆ ನೀರು ಹಾಕಲು ಶೈಮೆರ್ದೆನ್ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. ಕೊಜಾಬೆಕ್ ಕಾಯುತ್ತಿದ್ದದ್ದೇ ಅದಕ್ಕೆ. ಕೋಟಿನ ಜೇಬಿನಿಂದ ಕರಿಮೊಟ್ಟೆ ತೆಗೆದು ಒಳಕೋಣೆಗೆ ಹೋದ. ಅಲ್ಲಿ ಬೀಗರಿಗೆ ಹೊದಿಸಲೆಂದು ಮಖಮಲ್ಲಿನ ಚಾಪಾನ್‌ಗಳು ಮಡಿಸಿಟ್ಟಿದ್ದವು. ಚಾಪಾನ್ ಎಂಬ ನಿಲುವಂಗಿಯನ್ನು ನಮ್ಮಲ್ಲಿ ಯಾರೂ ತೊಡುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತಾರೆ. ಕಂದು ಬಣ್ಣದ್ದನ್ನು ಕೊಜಾಬೆಕ್ ನೋಡಿದ ಕೂಡಲೇ ಗುರುತು ಹಿಡಿದ; ಶೈಮೆರ್ದೆನ್‌ಗೆ ಐವತ್ತು ತುಂಬಿದಾಗ ಅವನೇ ಹೊದಿಸಿದ್ದು, ಮಡಿಕೆ ಸಹ ಬಿಚ್ಚಿರಲಿಲ್ಲ. ಮಧ್ಯಸ್ಥನಿಗೂ ಒಂದು ಚಾಪಾನ್ ಸಲ್ಲಬೇಕು. “ನಿಮ್ಮದು ನಿಮಗೇ ಬರತ್ತೆ, ಬೇಜಾರು ಮಾಡ್ಕೋಬೇಡಿ” ಎಂದು ಕುಲ್ಯಾಶ್ ಬೆಳಿಗ್ಗೆಯೇ ಹೇಳಿದ್ದಳು. ಅವನು ಮೊಟ್ಟೆಯನ್ನು ಅದರ ಬಲಜೇಬಿಗಿಳಿಸಿದ. ಬೀಗರನ್ನು ಬೀಳ್ಕೊಡುವಾಗ ಶೈಮೆರ್ದೆನ್ ಜಂಬದಿಂದ ಕಾರಿನ ಹತ್ತಿರ ಹೋಗುತ್ತಾನೆ, ಕಾರು ಕಲ್ಲಿನಂತೆ ಕೂತಿರುತ್ತದೆ. ಕೊಜಾಬೆಕ್ ತನ್ನ ಚಾಪಾನ್ ಹೊದ್ದು ಹಿಂದಿನಿಂದ ನಿಧಾನವಾಗಿ ಬರುತ್ತಾನೆ, ಕಾರು ಅವನಿಗೆ ಸಲಾಮು ಹೊಡೆಯುತ್ತದೆ. ಆಗ ಏನು ಹೇಳಬೇಕೆಂಬುದನ್ನೂ ಅವನು ಅಭ್ಯಾಸ ಮಾಡಿದ್ದ: ಮನಸ್ಸು ಶುದ್ಧವಾಗಿರಬೇಕು ಕಣಯ್ಯಾ, ಅಷ್ಟೆ.

ಊಟ ಸಾಂಗವಾಗಿ ನಡೆಯಿತು. ಸಂಬಂಧ ಗಟ್ಟಿಯಾದ ಗುರುತಿಗೆ ಕುರಿಬಾಲದ ಕೊಬ್ಬನ್ನೂ ಪಿತ್ತಜನಕಾಂಗವನ್ನೂ ಹೆಂಗಸರು ಬೀಗರ ಬಾಯಿಗೆ ತುರುಕಿ, ಮುಖಕ್ಕೆ ಮೊಸರು ಬಳಿದರು. ಆಮೇಲೆ ಚಾಪಾನ್‌ಗಳು ಬಂದವು. ನುರ್ಪೆಯಿಸ್‌ಗೆಂದು ಇಟ್ಟಿದ್ದ ನೀಲಿ ಚಾಪಾನ್ ತೊಡಿಸಿದರೆ ತೋಳು ಮೊಣಕೈಗೆ ನಿಂತಿತು, ಹೊಟ್ಟೆ ಹೊರಗೇ ಉಳಿಯಿತು. ಕುಲ್ಯಾಶ್ ಯಾರಿಗೂ ಗೊತ್ತಾಗದಂತೆ ನೀಲಿಯನ್ನು ಕಳಚಿ ಕಂದನ್ನು ಹೊದಿಸಿದಳು. ಅದು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ನೀಲಿ ಕೊಜಾಬೆಕ್‌ನ ಹೆಗಲಿಗೆ ಬಂತು.

ಕೊಜಾಬೆಕ್ ಸಾರಿನ ಬಟ್ಟಲನ್ನು ಕೆಳಗಿಟ್ಟ. ನುರ್ಪೆಯಿಸ್ ಕರಿಯ ಕೊಂಬಿನ ನಸ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಡಬ್ಬಿಯನ್ನು ಅದೇ ಬಲಜೇಬಿಗೆ ಹಾಕಿಕೊಂಡರು. ಮೊಟ್ಟೆಯನ್ನು ಹೇಗಾದರೂ ಮಾಡಿ ತೆಗೆಯಲೇಬೇಕು. ಕೊಜಾಬೆಕ್ ಎದ್ದುಹೋಗಿ ಅವರನ್ನು ತಬ್ಬಿಕೊಂಡ. ಕೈ ಜೇಬಿಗಿಳಿಯುವಷ್ಟರಲ್ಲಿ ನುರ್ಪೆಯಿಸ್ ಆ ಕೈಯನ್ನೇ ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಬ್ಬಿಕೊಂಡ. ಈ ಸಲ ಅವರ ಕಣ್ಣಿನಲ್ಲಿ ನೀರಾಡಿತು; ತಮ್ಮನ್ನು ಇಷ್ಟು ಪ್ರೀತಿಸುವವರು ಲೆಂಗೆರ್‌ನಲ್ಲಿದ್ದಾರೆಂದು ಅವರಿಗೆ ತಿಳಿದಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ಶೈಮೆರ್ದೆನ್‌ನ ತಾಯಿ ಬಾಲ್ಜಾನ್ ಅಜ್ಜಿಗೆ ತಡೆಯಲಾಗಲಿಲ್ಲ. “ಹೆಣ್ಣು ಕೊಡ್ತಿರೋದು ನಾವೋ, ಇವನೋ?” ಎಂದು ಕೇಳಿದಳು.

ಎಲ್ಲರೂ ಗೇಟಿನ ಹೊರಗೆ ಬಂದರು. ಶೈಮೆರ್ದೆನ್ ಕೋಟು ತೊಟ್ಟು, ಜೇಬು ಮುಟ್ಟಿಯೂ ನೋಡದೆ, ಬೀಗರನ್ನು ಬಸ್ ನಿಲ್ದಾಣಕ್ಕೆ ತಾನೇ ಬಿಡುವುದಾಗಿ ಹೇಳಿ ಮುಂದೆ ನಡೆದ. ಕಾರು ಅವನತ್ತ ನೋಡಲಿಲ್ಲ. ಹಿಂದಿನಿಂದ ಕಂದು ಚಾಪಾನ್ ಹೊದ್ದ ನುರ್ಪೆಯಿಸ್ ಬಂದರು. ಕಾರು ಕಿವಿ ನಿಮಿರಿಸಿತು, ಕಣ್ಣು ಹೊಡೆಯಿತು, ಕೈ ಚಾಚಿತು.

ಬೀಗರಿಗೆ ನಾವು ಕೊಡಬಹುದಾದ ಎಲ್ಲಕ್ಕಿಂತ ದೊಡ್ಡ ಗೌರವವೆಂದರೆ ಚಾಪಾನ್ ಹೊದಿಸಿ ಕುದುರೆ ಹತ್ತಿಸಿ ಕಳಿಸುವುದು. ಎಲ್ಲರಿಗೂ ಅದು ಆಗುವ ಮಾತಲ್ಲ. ಈಚೆಗೆ ಶಿಮ್ಕೆಂಟಿನ ಸಿರಿವಂತರು ಕುದುರೆಯ ಬದಲು ಕಾರು ಹತ್ತಿಸುತ್ತಾರಂತೆ ಎಂದು ಬೀದಿಯವರು ಕೇಳಿದ್ದರು, ಕಂಡಿರಲಿಲ್ಲ. ನುರ್ಪೆಯಿಸ್‌ರ ತಮ್ಮ ಮೊದಲು ಬಾಯಿ ಬಿಟ್ಟ. “ಚಾಪಾನ್ ಹೊದಿಸಿದರು. ಈಗ ನೋಡಿ, ಕುದುರೇನೂ ಹತ್ತಿಸ್ತಿದಾರೆ ನಮ್ಮಣ್ಣನ್ನ” ಎಂದ.

ಆಮೇಲೆ ತಡೆಯುವವರಾರು? ಹೆಂಗಸರು ಮಡಿಲಲ್ಲಿದ್ದ ಮಿಠಾಯಿಗಳನ್ನು ಕಾರಿನ ಮೇಲೆ ಎರಚಿದರು. ಕಿವಿ ಮಂದವಾದ ಬಾಲ್ಜಾನ್ ಅಜ್ಜಿ, ಏನಾಯಿತೆಂದು ತಿಳಿಯದಿದ್ದರೂ ಶುಭವೇ ಇರಬೇಕೆಂದು ಅಂಗೈಗಳನ್ನೆತ್ತಿ ಹರಸಿದಳು. ಎಲ್ಲರೂ ಅಂಗೈಗಳಿಂದ ಮುಖ ಸವರಿಕೊಂಡರು. ಹಿರಿಯರು ಹರಸಿ ಮುಖ ಸವರಿಕೊಂಡ ಮೇಲೆ ಯಾವ ಮಾತೂ ವಾಪಸು ಬರುವುದಿಲ್ಲ. ಏನೋ ಹೇಳಲೆಂದು ಶೈಮೆರ್ದೆನ್ ಬಾಯಿ ತೆರೆದ. ಯಾರೋ ಎಸೆದ ಮಿಠಾಯಿ ಅದರೊಳಗೇ ಬಿತ್ತು.

ಕೊಜಾಬೆಕ್ ಗೇಟಿನ ಕಂಬ ಹಿಡಿದುಕೊಂಡಿದ್ದ. ಸತ್ಯ ಹೇಳಿದರೆ ಅಷ್ಟು ಜನರೆದುರು ನುರ್ಪೆಯಿಸ್‌ರನ್ನು ಕಾರಿನಿಂದ ಇಳಿಸಬೇಕು. ಕುರಿತಲೆಗೇ ಎದ್ದು ಹೋದ ಮನುಷ್ಯ ಕಾರಿಗೆ ಎಲ್ಲಿಯವರೆಗೆ ಹೋದಾರು? ಹೇಳದಿದ್ದರೆ ಓರಗೆಯವನ ತೋಟ, ಕುದುರೆ, ಮಗಳಿಗೆ ಕೊಟ್ಟ ಮಾತು ಎಲ್ಲ ತುಲ್ಕಿಬಾಸ್ ದಾರಿ ಹಿಡಿಯುತ್ತವೆ. ಶೈಮೆರ್ದೆನ್ ಬಾಗಿಲಲ್ಲಿ ನಿಂತ ಮಗಳತ್ತ ನೋಡಿದ. ಗೌಹಾರ್ ಕಾರನ್ನೊಮ್ಮೆ ನೋಡಿ, ಅಪ್ಪನನ್ನು ನೋಡಿ, ತಲೆಯಾಡಿಸಿ ನಕ್ಕಳು. ಅವನು ಮಿಠಾಯಿ ನುಂಗಿಕೊಂಡ.

“ಹತ್ತಿ ಬೀಗರೇ. ಸುಖವಾಗಿ ಓಡಾಡಿ” ಎಂದ.

ನುರ್ಪೆಯಿಸ್ ಹತ್ತಿ ಕೂತರು. ಸೀಟು ತಾನಾಗಿ ಸರಿದು ಅವರ ಹೊಟ್ಟೆಗೆ ಜಾಗ ಮಾಡಿತು. ಚೀನೀ ಹೆಂಗಸು ಮಾತಾಡಿದಳು. ಅವರು ಬಗ್ಗಿ ಸೀಟಿನ ಕೆಳಗೆ ನೋಡಿದರು. ಹರೆಯದಲ್ಲಿ ಟ್ರ್ಯಾಕ್ಟರ್ ಓಡಿಸಿದ್ದವರು, ಕಾಲಿಗೆ ಸಿಕ್ಕಿದ್ದನ್ನು ಒತ್ತಿ ಕೈಗೆ ಸಿಕ್ಕಿದ್ದನ್ನು ಎಳೆದರು. ಕಾರು ಸದ್ದಿಲ್ಲದೆ ಹೊರಟಿತು.

ಕಾಲುವೆಯ ಆಚೆ ದಡ ಹಿಡಿದು, ಸೇತುವೆ ದಾಟಿ, ಒಂದು ಸುತ್ತು ಬಂತು. ಜನ ಮಿಠಾಯಿ ಎಸೆದರು. ನಿಲ್ಲುತ್ತದೆಂದು ಎಲ್ಲರೂ ಅಂದುಕೊಂಡರೆ ನಿಲ್ಲದೆ ಮತ್ತೊಂದು ಸುತ್ತಿಗೆ ಹೋಯಿತು. ಹೊಸ ಕುದುರೆಯನ್ನು ಸುತ್ತಿಸುವುದು ಹೀಗೆಯೇ, ಹಳೆಯ ಪದ್ಧತಿ ಬಲ್ಲವರು ಎಂದು ಹಿರಿಯರು ಮೆಚ್ಚಿದರು. ಮುಚ್ಚಿದ ಗಾಜಿನೊಳಗೆ ನುರ್ಪೆಯಿಸ್‌ರ ಬಾಯಿ ಒಂದೇ ಸಮನೆ ಆಡುತ್ತಿತ್ತು. ಪ್ರಾರ್ಥನೆ ಹೇಳುತ್ತಿದ್ದಾರೆಂದು ಅಜ್ಜಿ ಮತ್ತೆ ಅಂಗೈ ಎತ್ತಿದಳು. ಬಸ್ಸಿನ ಕನ್ನಡಿಯಲ್ಲಿ ಪ್ರಯಾಣಿಕರ ತುಟಿ ನೋಡಿಯೇ ಬೈಗುಳ ಓದುತ್ತಿದ್ದ ಕೊಜಾಬೆಕ್‌ಗೆ ಮಾತ್ರ ತಿಳಿಯಿತು, ಅವರು ಕೇಳುತ್ತಿದ್ದದ್ದು ಇದನ್ನು ನಿಲ್ಲಿಸುವುದು ಹೇಗೆ ಎಂದು. ಕಾಲಿಂದ ಒತ್ತಿದರೆ ನಿಲ್ಲುತ್ತಿತ್ತು, ಕಾಲು ತೆಗೆದ ಕೂಡಲೇ ಮೆಲ್ಲಗೆ ತೆವಳುತ್ತಿತ್ತು. ಆರಿಸೋಣವೆಂದರೆ ಎಲ್ಲಿಯೂ ಗುಂಡಿಯಿಲ್ಲ, ತಿರುಗಿಸೋಣವೆಂದರೆ ಕೀಲಿಯಿಲ್ಲ. ಬೆಲ್ಟು ಹಾಕಿಲ್ಲವೆಂದು ಚೀನೀ ಹೆಂಗಸು ಉದ್ದಕ್ಕೂ ಗದರುತ್ತಿದ್ದಳು.

ಇತ್ತ ಶೈಮೆರ್ದೆನ್ ಕೊಜಾಬೆಕ್‌ನ ತೋಳು ಹಿಡಿದು ಪಕ್ಕಕ್ಕೆ ಎಳೆದ. ತಾನು ಹರಡಿದ ಸುಳ್ಳು ಬೀದಿಯೆಲ್ಲ ಸುತ್ತಿ ಬಂದು ಈಗ ಅವನನ್ನೇ ಹಿಡಿದಿತ್ತು. “ಲೋ, ಅದಕ್ಕೆ ನಿಜವಾಗ್ಲೂ ಮನಸ್ಸು ಗೊತ್ತಾಗತ್ತೆ ಕಣೋ. ನಾನು ಎರಡು ವರ್ಷದಿಂದ ನಮ್ಮನೆ ಮೀಟರ್ ಮಾತ್ರ ನೋಡೇ ಇಲ್ಲ” ಎಂದು ಪಿಸುಗುಟ್ಟಿದ.

ಕೊಜಾಬೆಕ್‌ಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಬಾಯಿ ಬಿಡುವಷ್ಟರಲ್ಲಿ ಕಾರು ಮತ್ತೆ ಸೇತುವೆ ಇಳಿಯಿತು. ನುರ್ಪೆಯಿಸ್ ಈಗ ಎರಡೂ ಕೈ ಬೀಸುತ್ತಿದ್ದರು; ಜನರೂ ಎರಡೂ ಕೈ ಬೀಸಿದರು. ಬೀಗರ ಮುಖ ಬಿಳಿಚಿದ್ದು ಕಂಡು ಶೈಮೆರ್ದೆನ್ ತಡೆಯಲಾರದೆ ರಸ್ತೆಯ ನಡುವೆ ಹೋಗಿ ತೋಳು ಚಾಚಿ ನಿಂತ. ಹೆಂಗಸರು ಕಣ್ಣು ಮುಚ್ಚಿಕೊಂಡರು. ಎದುರಿಗೆ ಮನುಷ್ಯ ಕಂಡರೆ ತಾನಾಗಿ ನಿಲ್ಲುವ ಬುದ್ಧಿ ಆ ಕಾರಿಗೆ ಇತ್ತು. ಒಂದು ಮೊಳ ದೂರದಲ್ಲಿ ಗಕ್ಕನೆ ನಿಂತಿತು. ಒಳಗೆ ನುರ್ಪೆಯಿಸ್‌ರ ತಲೆ ಸ್ಟೀರಿಂಗಿನವರೆಗೆ ಬಾಗಿ ಮೇಲೆದ್ದಿತು. ಕಂಡಿರಾ, ಅಂಥವರೂ ತಲೆಬಾಗಿದರು ಎಂದು ಬೀದಿಯವರು ಆಮೇಲೆ ಎಷ್ಟೋ ದಿನ ಹೇಳಿಕೊಂಡರು.

ಕೊಜಾಬೆಕ್ ಓಡಿಹೋಗಿ ಬಾಗಿಲು ತೆರೆದು, ಒಳಗೆ ಕೈ ಹಾಕಿ ಗೇರಿನ ಹಿಡಿಯನ್ನು ಮೇಲೆತ್ತಿ ಕಾರನ್ನು ಸುಮ್ಮನಾಗಿಸಿದ. ನುರ್ಪೆಯಿಸ್ ಇಳಿದು ಶೈಮೆರ್ದೆನ್‌ನನ್ನು ತಬ್ಬಿದರು. ಜನರ ಕಣ್ಣಿಗೆ ಅದು ಕೃತಜ್ಞತೆ. ಕಿವಿಯಲ್ಲಿ ಹೇಳಿದ್ದು ಬೇರೆ.

“ಬೀಗರೇ, ಬೇಡ ಅಂದರೆ ನೀವು ನೊಂದ್ಕೋತೀರಿ, ನನಗೆ ಇಂಥ ಸೊಸೆ ತಪ್ಪಿಹೋಗ್ತಾಳೆ. ಆದರೂ ಕೈ ಮುಗಿದು ಕೇಳ್ತೀನಿ, ಈ ಪ್ರಾಣೀನ ವಾಪಸು ತಗೊಳ್ಳಿ. ಬೈಯೋ ಹೆಂಗಸು ನಮ್ಮನೇಲಿ ಆಗಲೇ ಒಬ್ಬಳಿದಾಳೆ.”

ಶೈಮೆರ್ದೆನ್‌ನ ಮುಖದಲ್ಲಿ ಆಗ ಮೂಡಿದ ಬೆಳಕನ್ನು ಕೊಜಾಬೆಕ್ ಒಬ್ಬನೇ ಕಂಡ. ಒಪ್ಪಿಕೊಂಡು ಸುಮ್ಮನಾಗಬೇಕಲ್ಲವೇ? ಜಂಬ ಅಷ್ಟು ಬೇಗ ಸಾಯುವುದಿಲ್ಲ. ಕೊಟ್ಟದ್ದನ್ನು ತೆಗೆದುಕೊಳ್ಳುವ ವಂಶ ತಮ್ಮದಲ್ಲ ಎಂದ. ನುರ್ಪೆಯಿಸ್ ಬೇಡಿಕೊಂಡರು. ಮನಸಾರೆ ಕೊಟ್ಟದ್ದು ಎಂದ. ಅವರು ತೋಳು ಹಿಡಿದುಕೊಂಡರು. ಇನ್ನೊಂದು ಸಲ ಬೇಡ ಅಂದರೆ ಹೊಡೆಯುತ್ತೇನೆ ಎಂದು ಕುಲ್ಯಾಶ್ ಕಣ್ಣಿನಲ್ಲೇ ತಿಳಿಸಿದ ಮೇಲೆ, ಭಾರವಾದ ನಿಟ್ಟುಸಿರು ಬಿಟ್ಟು ಸಮ್ಮತಿಸಿದ. ಆದರೂ ಬೀಗರನ್ನು ಕಾಲ್ನಡಿಗೆಯಲ್ಲಿ ಕಳಿಸುವಂತಿಲ್ಲ, ಹರಸಿಯಾಗಿದೆ. ನುರ್ಪೆಯಿಸ್‌ರ ಕಣ್ಣು ಅಂಗಳದಲ್ಲಿ ಕೋಳಿಗಳು ಕೂತಿದ್ದ ಹಸಿರು ಜೀಪಿನ ಮೇಲೆ ಬಿತ್ತು.

“ಅದಕ್ಕೆ ಬೀಗದ ಕೈ ಇದೆಯೋ?”

“ಇದೆ. ಕಳೆದುಹೋದರೆ ಚಮಚೆಯಲ್ಲೂ ತೆಗೀಬಹುದು.”

“ಮಾತಾಡತ್ತೋ?”

“ಅರಚತ್ತೆ, ಅಷ್ಟೆ. ಬೈಯಲ್ಲ.”

ನುರ್ಪೆಯಿಸ್ ಜೀಪಿನ ಬಾನೆಟ್ಟನ್ನು ಕುದುರೆಯ ಕುತ್ತಿಗೆಯಂತೆ ತಟ್ಟಿದರು. ಕೋಳಿಗಳನ್ನು ಇಳಿಸಲಾಯಿತು. ಬಾಲ್ಜಾನ್ ಅಜ್ಜಿ ಇನ್ನೊಮ್ಮೆ ಹರಸಿದಳು; ಇಡೀ ದಿನ ಅವಳ ಅಂಗೈ ಕೆಳಗಿಳಿಯಲೇ ಇಲ್ಲ. ಬೀಗರು ತಮ್ಮನನ್ನು ಸ್ಟೀರಿಂಗಿಗೆ ಕೂರಿಸಿ ತಾವು ಪಕ್ಕಕ್ಕೆ ಹತ್ತುವಾಗ ಕೊಜಾಬೆಕ್ ಕೊನೆಯ ಸಲ ತಬ್ಬಿಕೊಂಡ. ಈ ಬಾರಿ ಬೆರಳುಗಳಿಗೆ ನುಣುಪಾದ, ಮೊಟ್ಟೆಯಷ್ಟು ದಪ್ಪದ್ದು ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಮುಚ್ಚಿ ತನ್ನ ಜೇಬಿಗಿಳಿಸಿ, ಆ ದಿನದಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಸಿರೆಳೆದ.

ಜೀಪು ಅರಚುತ್ತ, ಹೊಗೆ ಬಿಡುತ್ತ ಬೀದಿಯುದ್ದಕ್ಕೂ ಸಾಗಿತು. ಅದರ ಸದ್ದಿನ ಮರೆಯಲ್ಲಿ ಕೊಜಾಬೆಕ್ ಓರಗೆಯವನ ಹೆಗಲ ಮೇಲೆ ಕೈ ಹಾಕಿ ಎಲ್ಲವನ್ನೂ ಒಪ್ಪಿಕೊಂಡ. ಗೋಡೆ, ಪೈಜಾಮ, ಗೂಟದ ಕೋಟು, ಕಂದು ಚಾಪಾನ್. ಹೇಳುವಾಗ “ನಾನು ಕಣೇ” ಎಂಬುದನ್ನು ಅದೇ ದನಿಯಲ್ಲಿ ಮಾಡಿ ತೋರಿಸುವುದನ್ನೂ ಬಿಡಲಿಲ್ಲ. ಸುತ್ತ ನಿಂತಿದ್ದವರು ಕಿವಿ ಕೊಟ್ಟರು. ಶೈಮೆರ್ದೆನ್‌ನ ಮೀಸೆ ನಡುಗತೊಡಗಿತು, ಕಿವಿ ಕೆಂಪಾಯಿತು. ಬೀದಿಯವರು ಆಸೆಯಿಂದ ಕುರಿಯ ಕಡೆ ನೋಡಿದರು.

“ಈಗ ಎಲ್ಲಿದೆ ಅದು?” ಎಂದು ಶೈಮೆರ್ದೆನ್ ಹಲ್ಲು ಕಚ್ಚಿ ಕೇಳಿದ.

“ಇಲ್ಲಿ ಮಾರಾಯ, ಭದ್ರವಾಗಿದೆ” ಎಂದು ಕೊಜಾಬೆಕ್ ಜೇಬಿನಿಂದ ಕೈ ತೆಗೆದು ಮುಷ್ಟಿ ಬಿಚ್ಚಿದ.

ಅಂಗೈಯಲ್ಲಿ ಕರಿಯ ಕೊಂಬಿನ ನಸ್ಯದ ಡಬ್ಬಿ ಇತ್ತು.

ಅಷ್ಟರಲ್ಲಿ ಬಿಳಿ ಕಾರು ಕಿವಿ ಮಡಚಿಕೊಂಡಿತು, ಹಿಡಿಕೆಯನ್ನು ಒಳಗೆಳೆದುಕೊಂಡಿತು. ಮರುಗಳಿಗೆಯಲ್ಲಿ ಅದರ ಡಿಕ್ಕಿ ತಾನಾಗಿ ಮೇಲೆದ್ದಿತು. ಕೆಳಗಿಳಿಯಿತು. ಮತ್ತೆ ಎದ್ದಿತು. ದೀಪಗಳು ಹತ್ತಿ ಆರಿದವು, ಹಾರ್ನು ಬಿಕ್ಕಳಿಸಿತು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಬೀದಿಯ ತಿರುವಿನಲ್ಲಿ ಜೀಪಿನ ಕಿಟಕಿಯೊಳಗೆ ನುರ್ಪೆಯಿಸ್ ತಲೆ ಬಗ್ಗಿಸಿ, ಕೈಯಲ್ಲಿದ್ದ ಏನನ್ನೋ ಹೆಬ್ಬೆರಳಿನಿಂದ ಒತ್ತುತ್ತ, ತಿರುಚುತ್ತ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತ ಇದ್ದರು. ನಸ್ಯದ ಡಬ್ಬಿ ಯಾಕೆ ತೆರೆಯುತ್ತಿಲ್ಲವೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಅವರು ಒತ್ತಿದಾಗಲೆಲ್ಲ ಇಲ್ಲಿ ಡಿಕ್ಕಿ ಎದ್ದು ಕೂತು ವಿದಾಯ ಹೇಳುತ್ತಿತ್ತು. ಕೊನೆಗೊಮ್ಮೆ ಅರ್ಧ ಎದ್ದು, ಜೀಪು ತಿರುವಿನಲ್ಲಿ ಮರೆಯಾದಂತೆ ಹಾಗೇ ನಿಂತುಬಿಟ್ಟಿತು.

ಕೊಜಾಬೆಕ್ ಡಬ್ಬಿ ನೋಡಿದ, ಕಾರು ನೋಡಿದ, ತಾನು ಓಡಬೇಕಾದ ತುಲ್ಕಿಬಾಸಿನ ದಾರಿ ನೋಡಿದ. ಬೀದಿಯವರು ಮುಸಿಮುಸಿ ನಗತೊಡಗಿದರು. ಕುಲ್ಯಾಶ್ ಸೆರಗಿನಂತೆ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಬಾಗಿಲಲ್ಲಿ ಗೌಹಾರ್ ಹೊಸ್ತಿಲ ಮೇಲೆ ಕೂತೇಬಿಟ್ಟಿದ್ದಳು. ಆದರೆ ಅವರೆಲ್ಲರ ನಗೆಯನ್ನೂ ಮುಳುಗಿಸಿ, ಕಾಲುವೆಯಾಚೆಯ ನಾಯಿಗಳು ಬೊಗಳುವಂತೆ, ಕೊಜಾಬೆಕ್‌ನ ಅಂಗೈಯಲ್ಲಿದ್ದ ಡಬ್ಬಿಯಿಂದಲೇ ಒಂದು ಚಿಟಿಕೆ ನಸ್ಯ ಏರಿಸಿ, ಸೀನುತ್ತ, ಕಣ್ಣೊರೆಸಿಕೊಳ್ಳುತ್ತ, ಗೇಟಿನ ಕಂಬಕ್ಕೆ ಜೋತುಬಿದ್ದು ನಕ್ಕವನು ಶೈಮೆರ್ದೆನ್.